ಪರೀಕ್ಷಕರಿಗೂ ಪರೀಕ್ಷೆ ಬೇಡವೇ? ಆರೋಗ್ಯ ಇಲಾಖೆಗಳ ಮಾನ್ಯತೆ ಮತ್ತು ಅದರ ಮೌಲ್ಯಮಾಪನ

2015ರ ಜೂನ್ 5ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಮ್ಯಾಗಿ ನೂಡಲ್ಸ್‌ನ ತಯಾರಿಕೆ ಮತ್ತು ಮಾರಾಟವನ್ನು ದೇಶದಾದ್ಯಂತ ನಿಲ್ಲಿಸುವಂತೆ ಆದೇಶ ಹೊರಡಿಸಿತು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಹಿಂದಿನ ವರ್ಷ ತೆಗೆದ ಒಂದು ಮಾದರಿಯಿಂದ ಆರಂಭವಾದ ಪ್ರಕರಣವಿದು. ಹತ್ತು ಲಕ್ಷ ಭಾಗಕ್ಕೆ 2.5 ಭಾಗವನ್ನು ಮೀರಬಾರದ ಸೀಸವು 17.2 ಭಾಗದಷ್ಟಿದೆ ಎಂದು ಕೋಲ್ಕತ್ತದ ಕೇಂದ್ರೀಯ ಆಹಾರ ಪ್ರಯೋಗಾಲಯ ವರದಿ ಮಾಡಿತ್ತು. ಅದರ ಬೆನ್ನಿಗೇ ಹಲವು ರಾಜ್ಯಗಳ ಪ್ರಯೋಗಾಲಯಗಳ ವರದಿಗಳೂ ಹೊರಬಂದವು. ಎರಡು ತಿಂಗಳ ತರುವಾಯ, ಆಗಸ್ಟ್ 13ರಂದು, ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ತಯಾರಕರ ಅಹವಾಲನ್ನು ಸರಿಯಾಗಿ ಕೇಳದೆ ಆದೇಶ ಹೊರಡಿಸಿದ್ದು ಅದಕ್ಕೆ ಒಂದು ಕಾರಣ. ವರ್ತಕರು ಹೆಚ್ಚು ಗಮನಿಸಬೇಕಾದದ್ದು ಇನ್ನೊಂದು ಕಾರಣವನ್ನು. ಆಧಾರವಾಗಿಟ್ಟುಕೊಂಡಿದ್ದ ವರದಿಗಳನ್ನು ನೀಡಿದ ಪ್ರಯೋಗಾಲಯಗಳು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 43ನೆಯ ಕಲಮಿನ ಪ್ರಕಾರ ಮಾನ್ಯತೆ ಪಡೆದವುಗಳಾಗಿರಲಿಲ್ಲ, ಇಲ್ಲವೇ ಸೀಸದ ಪರೀಕ್ಷೆಗೆ ಮಾನ್ಯತೆ ಹೊಂದಿರಲಿಲ್ಲ. ಮಾನ್ಯತೆಯುಳ್ಳ ಮೂರು ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆ ನಡೆಯಿತು. ಸೀಸದ ಪ್ರಮಾಣ ಮಿತಿಯೊಳಗೇ ಇದ್ದದ್ದು ಕಂಡುಬಂತು. ನವೆಂಬರ್ ತಿಂಗಳಲ್ಲಿ ಸರಕು ಮತ್ತೆ ಅಂಗಡಿಗಳಿಗೆ ಬಂತು. ಅಷ್ಟರೊಳಗೆ ಸಾವಿರಾರು ಟನ್ ಮಾಲು ನಾಶವಾಗಿತ್ತು. ವಿತರಕರ ಗೋದಾಮುಗಳಿಂದ ಹಿಡಿದು ಮೂಲೆಯ ಕಿರಾಣಿ ಅಂಗಡಿಗಳವರೆಗೆ ಸರಕು ವಾಪಸಾತಿಯ ತಾಪತ್ರಯ ಮುಟ್ಟಿತ್ತು.

ಹೈಕೋರ್ಟಿನ ಮೆಟ್ಟಿಲೇರಿ ಹಿರಿಯ ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿ ಆ ಕಂಪನಿಗೆ ಇತ್ತು. ಬ್ಯಾಡಗಿಯಲ್ಲಿ ಮೆಣಸಿನ ಪುಡಿ ತಯಾರಿಸುವವರಿಗೋ, ದಾವಣಗೆರೆಯಲ್ಲಿ ಎಣ್ಣೆ ಗಾಣ ನಡೆಸುವವರಿಗೋ ಆ ಶಕ್ತಿ ಎಲ್ಲಿಂದ ಬರಬೇಕು? ಅವರ ಪಾಲಿಗೆ ಸರ್ಕಾರಿ ಪ್ರಯೋಗಾಲಯದ ಒಂದು ಹಾಳೆಯೇ ಅಂತಿಮ ತೀರ್ಪು. ಆಹಾರ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು, ಉದ್ಯಮಿ ಕೇಳಿದಲ್ಲಿ ಒಂದು ಭಾಗವನ್ನು ಮಾನ್ಯತೆಯುಳ್ಳ ಪ್ರಯೋಗಾಲಯಕ್ಕೆ ಕಳುಹಿಸಬೇಕು ಎಂದು ಅದೇ ಕಾಯ್ದೆಯ 47ನೆಯ ಕಲಮು ಹೇಳುತ್ತದೆ. ಆಹಾರ ವಿಶ್ಲೇಷಕರು ಮಾದರಿ ತಲುಪಿದ 14 ದಿನಗಳೊಳಗೆ ವರದಿ ನೀಡಬೇಕು ಎಂಬುದು 46ನೆಯ ಕಲಮಿನಲ್ಲಿದೆ. ಈ ಹಕ್ಕುಗಳಿವೆಯೆಂದು ತಿಳಿದಿರುವ ಸಣ್ಣ ತಯಾರಕರು ಕಡಿಮೆ. ತಿಳಿದೂ ಬಳಸಿಕೊಂಡವರು ಇನ್ನೂ ಕಡಿಮೆ.

ಉದ್ಯಮವನ್ನು ಪರೀಕ್ಷಿಸುವ ಇಲಾಖೆಯನ್ನು ಪರೀಕ್ಷಿಸುವವರು ಯಾರು, ಆ ಪರೀಕ್ಷೆಯಿಂದ ಏನಾದರೂ ಸುಧಾರಿಸಿತೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಆದಕಾರಣ ವೈದ್ಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಉದ್ದಿಮೆ ಪರವಾನಗಿಯನ್ನು ನಗರಪಾಲಿಕೆಯ ಆರೋಗ್ಯ ಶಾಖೆಯಿಂದ ಪಡೆಯುವವರು, ಆಹಾರ ಸುರಕ್ಷತಾಧಿಕಾರಿಯ ಭೇಟಿಯನ್ನು ಎದುರಿಸುವವರು, ಡೆಂಗಿಯಿಂದ ಅರ್ಧದಷ್ಟು ಕೆಲಸಗಾರರು ಗೈರುಹಾಜರಾದಾಗ ಯಂತ್ರಗಳನ್ನು ನಿಲ್ಲಿಸಬೇಕಾದವರು, ಇವರೆಲ್ಲರಿಗೂ ಇಲಾಖೆಯ ಕಾರ್ಯಕ್ಷಮತೆ ನೇರವಾಗಿ ಲಾಭನಷ್ಟದ ವಿಷಯ.

ಮೂರು ಬಗೆಯ ಮಾನ್ಯತೆ

ಮಾನ್ಯತೆ ಎಂಬ ಒಂದೇ ಪದವನ್ನು ಮೂರು ಬೇರೆ ಬೇರೆ ಸಂಗತಿಗಳಿಗೆ ಬಳಸುವುದರಿಂದ ಗೊಂದಲ ಉಂಟಾಗುತ್ತದೆ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ನೀಡುವ ಮಾನ್ಯತೆ ನಿರ್ದಿಷ್ಟ ಪರೀಕ್ಷೆಗಳಿಗೆ ಸೀಮಿತ. ಒಂದು ಪ್ರಯೋಗಾಲಯ ತೇವಾಂಶ ಅಳೆಯಲು ಮಾನ್ಯತೆ ಪಡೆದಿದ್ದ ಮಾತ್ರಕ್ಕೆ ಸೀಸ ಅಳೆಯಲೂ ಪಡೆದಿದೆಯೆಂದು ಅರ್ಥವಲ್ಲ. ಆಸ್ಪತ್ರೆಗೆ ನೀಡುವ ಮಾನ್ಯತೆ ಒಂದು ಕಟ್ಟಡದೊಳಗಿನ ಸೇವೆಗೆ ಸಂಬಂಧಿಸಿದ್ದು. ಮೂರನೆಯದು ಇಡೀ ಆರೋಗ್ಯ ಇಲಾಖೆಗೆ, ಅಂದರೆ ರೋಗ ಹರಡುವುದನ್ನು ಗಮನಿಸುವ, ನೀರು ಪರೀಕ್ಷಿಸುವ, ಲಸಿಕೆ ಹಾಕಿಸುವ, ಹೋಟೆಲುಗಳ ತಪಾಸಣೆ ನಡೆಸುವ ಆಡಳಿತ ವ್ಯವಸ್ಥೆಗೆ ನೀಡುವಂಥದು. ಮೊದಲೆರಡು ಭಾರತದಲ್ಲಿ ಇವೆ. ಮೂರನೆಯದನ್ನು ರಾಷ್ಟ್ರಮಟ್ಟದಲ್ಲಿ ವ್ಯಾಪಕವಾಗಿ ನಡೆಸಿ, ಅದರ ಬಗ್ಗೆ ಅಧ್ಯಯನವನ್ನೂ ಕೈಗೊಂಡಿರುವ ದೇಶ ಅಮೆರಿಕ. ಆ ಅನುಭವವನ್ನು ಕೊಂಚ ವಿವರವಾಗಿ ನೋಡುವುದು ಉಚಿತ.

ಅಲ್ಲಿ ಇದಕ್ಕೊಂದು ಪೂರ್ವಕಥೆ ಇದೆ. ವಾಣಿಜ್ಯ ಮಂಡಳಿಗಳ ಸದಸ್ಯರಿಗೆ ಅದು ವಿಶೇಷವಾಗಿ ರುಚಿಸೀತು. ಅಮೆರಿಕನ್ ಸಾರ್ವಜನಿಕ ಆರೋಗ್ಯ ಸಂಘವು 1925ರಲ್ಲಿ ನಗರಗಳ ಆರೋಗ್ಯ ಕಾರ್ಯಕ್ಕೆ ಅಂಕ ನೀಡುವ ಒಂದು ನಮೂನೆಯನ್ನು ಪ್ರಕಟಿಸಿತು. 1929ರಲ್ಲಿ ಅಮೆರಿಕದ ರಾಷ್ಟ್ರೀಯ ವಾಣಿಜ್ಯ ಮಂಡಳಿಯು ಆ ಸಂಘದೊಡನೆ ಸೇರಿ ನಗರ ನಗರಗಳ ವಾಣಿಜ್ಯ ಮಂಡಳಿಗಳ ನಡುವೆ ಆರೋಗ್ಯ ಸಂರಕ್ಷಣಾ ಸ್ಪರ್ಧೆಯನ್ನು ಆರಂಭಿಸಿತು. ಊರಿನ ವರ್ತಕರೇ ಮುಂದೆ ನಿಂತು ತಮ್ಮ ನಗರದ ಆರೋಗ್ಯ ಇಲಾಖೆಯನ್ನು ಅಂಕಪಟ್ಟಿಗೆ ಒಡ್ಡುವ ಏರ್ಪಾಡು ಅದು. ಕಾರ್ಮಿಕನ ಕಾಯಿಲೆ ಕಾರ್ಖಾನೆಯ ನಷ್ಟ ಎಂಬ ಲೆಕ್ಕ ಅವರಿಗೆ ಸ್ಪಷ್ಟವಾಗಿತ್ತು. ಆದರೆ ಆ ನಮೂನೆಯಲ್ಲಿ ಅಂಕ ದೊರೆಯುತ್ತಿದ್ದುದು ಬಹುಮಟ್ಟಿಗೆ ಮಾಡಿದ ಕೆಲಸದ ಪರಿಮಾಣಕ್ಕೆ. ಎಷ್ಟು ಲಸಿಕೆ, ಎಷ್ಟು ಭೇಟಿ, ಎಷ್ಟು ತಪಾಸಣೆ ಎಂಬುದು ಎಣಿಕೆಗೆ ಬರುತ್ತಿತ್ತು. ಜನ ಎಷ್ಟು ಆರೋಗ್ಯವಂತರಾದರು ಎಂಬುದಕ್ಕೆ ಅಲ್ಲಿ ದೊಡ್ಡ ಸ್ಥಾನವಿರಲಿಲ್ಲ. ಸುಮಾರು ನೂರು ವರ್ಷಗಳ ಹಿಂದೆಯೇ ತಲೆದೋರಿದ ಈ ತೊಡಕು ಇಂದಿಗೂ ಬಿಟ್ಟಿಲ್ಲ.

ಅಮೆರಿಕದ ಈಗಿನ ವ್ಯವಸ್ಥೆ

2003ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ ವರದಿಯೊಂದು ಆರೋಗ್ಯ ಇಲಾಖೆಗಳಿಗೂ ಮಾನ್ಯತೆಯ ಪದ್ಧತಿ ಸಾಧ್ಯವೇ ಎಂಬುದನ್ನು ಪರಿಶೀಲಿಸುವಂತೆ ಸಲಹೆ ಮಾಡಿತು. ಅದರ ಫಲವಾಗಿ 2007ರಲ್ಲಿ ಸಾರ್ವಜನಿಕ ಆರೋಗ್ಯ ಮಾನ್ಯತಾ ಮಂಡಳಿ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. 30 ಇಲಾಖೆಗಳಲ್ಲಿ ಪ್ರಾಯೋಗಿಕವಾಗಿ ನಡೆಸಿ ನೋಡಿ, 2011ರ ಸೆಪ್ಟೆಂಬರಿನಲ್ಲಿ ಯೋಜನೆಯನ್ನು ಎಲ್ಲರಿಗೂ ತೆರೆಯಲಾಯಿತು. 2013ರ ಫೆಬ್ರವರಿಯಲ್ಲಿ ಮೊದಲ 11 ಇಲಾಖೆಗಳು ಮಾನ್ಯತೆ ಪಡೆದವು. ಭಾಗವಹಿಸುವುದು ಸ್ವಇಚ್ಛೆಗೆ ಬಿಟ್ಟದ್ದು; ಮಾನ್ಯತೆಯ ಅವಧಿ ಐದು ವರ್ಷ.

ಅರ್ಜಿ ಹಾಕುವ ಇಲಾಖೆಯ ಬಳಿ ಮೂರು ದಾಖಲೆಗಳು ಸಿದ್ಧವಾಗಿರಬೇಕಿತ್ತು: ತನ್ನ ವ್ಯಾಪ್ತಿಯ ಜನರ ಆರೋಗ್ಯ ಸ್ಥಿತಿಯ ಸಮೀಕ್ಷೆ, ಅದನ್ನು ಸುಧಾರಿಸುವ ಯೋಜನೆ, ಇಲಾಖೆಯ ಕಾರ್ಯತಂತ್ರ. ಬಳಿಕ ಸುಮಾರು ನೂರು ಅಳತೆಗೋಲುಗಳಿಗೆ ಒಂದೊಂದಕ್ಕೂ ಸಾಕ್ಷ್ಯಪತ್ರಗಳನ್ನು ಒದಗಿಸಬೇಕು. ಸಭೆಯ ನಡವಳಿ, ತರಬೇತಿಯ ಹಾಜರಿ, ರೋಗ ಹರಡಿದಾಗ ಕೈಗೊಂಡ ಕ್ರಮದ ವರದಿ ಮುಂತಾದವು ಸಾಕ್ಷ್ಯಗಳು. ಬೇರೆ ಇಲಾಖೆಗಳ ಅನುಭವಿಗಳೇ ಪರಿಶೀಲಕರಾಗಿ ಸ್ಥಳಕ್ಕೆ ಬಂದು ನೋಡುತ್ತಾರೆ. ಶುಲ್ಕ ಜನಸಂಖ್ಯೆಗೆ ಅನುಗುಣ. ಆರಂಭದ ವರ್ಷಗಳಲ್ಲಿ ಅತಿ ಸಣ್ಣ ಇಲಾಖೆಗೆ 12,720 ಡಾಲರ್, ಅತಿ ದೊಡ್ಡದಕ್ಕೆ 95,400 ಡಾಲರ್ ನಿಗದಿಯಾಗಿತ್ತು. ದಾಖಲೆ ಸಿದ್ಧಪಡಿಸಲು ಸಿಬ್ಬಂದಿ ವ್ಯಯಿಸುವ ತಿಂಗಳುಗಟ್ಟಲೆ ಸಮಯ ಈ ಲೆಕ್ಕದಲ್ಲಿ ಸೇರಿಲ್ಲ. ಐಎಸ್‌ಒ ಪ್ರಮಾಣಪತ್ರಕ್ಕಾಗಿ ಕಡತ ಜೋಡಿಸಿದ ಯಾವುದೇ ಸಣ್ಣ ಕಾರ್ಖಾನೆಯ ಮಾಲೀಕರಿಗೆ ಈ ಕಥೆ ಹೊಸದೇನಲ್ಲ.

ಅಲ್ಲಿನ ಕೆಲವು ರಾಜ್ಯಗಳು ಇದಕ್ಕೂ ಮೊದಲೇ ತಮ್ಮದೇ ದಾರಿ ಹಿಡಿದಿದ್ದವು. ಮಿಷಿಗನ್ 1990ರ ದಶಕದ ಕೊನೆಯಲ್ಲಿಯೇ ಸ್ಥಳೀಯ ಇಲಾಖೆಗಳಿಗೆ ಮಾನ್ಯತೆಯ ಪರಿಶೀಲನೆಯನ್ನು ಆರಂಭಿಸಿತು. ನಾರ್ತ್ ಕ್ಯಾರೊಲಿನಾ 2005ರಲ್ಲಿ ಕಾನೂನನ್ನೇ ಮಾಡಿ, ಎಲ್ಲ ಸ್ಥಳೀಯ ಇಲಾಖೆಗಳಿಗೂ ಅದನ್ನು ಕಡ್ಡಾಯಗೊಳಿಸಿತು. ಸ್ವಇಚ್ಛೆಯ ಪದ್ಧತಿಗೂ ಕಡ್ಡಾಯದ ಪದ್ಧತಿಗೂ ಇರುವ ಅಂತರ ಮೌಲ್ಯಮಾಪನದ ದೃಷ್ಟಿಯಿಂದ ಮಹತ್ವದ್ದು. ಅದರ ಕಾರಣ ಮುಂದೆ ಬರುತ್ತದೆ.

ಹೊಗಳಿಕೆಯ ಲೆಕ್ಕ

ಈ ಯೋಜನೆ ಫಲ ಕೊಟ್ಟಿದೆಯೇ? ಷಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿದ ನಾರ್ಕ್ ಸಂಶೋಧನಾ ಸಂಸ್ಥೆಯು ಮಾನ್ಯತೆ ಪಡೆದ ಇಲಾಖೆಗಳನ್ನು ಹಂತಹಂತವಾಗಿ ಪ್ರಶ್ನಿಸಿತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಾನ್ಯತೆ ದೊರೆತು ಒಂದು ವರ್ಷವಾದ ಇಲಾಖೆಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ತಮ್ಮಲ್ಲಿ ಗುಣಮಟ್ಟ ಸುಧಾರಣೆಗೆ ಅವಕಾಶ ಉಂಟಾಯಿತು, ತಮ್ಮ ಬಲಾಬಲಗಳು ಅರಿವಿಗೆ ಬಂದವು ಎಂದು ಹೇಳಿದವು.

ಶೇ. 90 ಎಂಬ ಅಂಕಿ ಕೇಳಿದೊಡನೆ ತಲೆದೂಗುವುದು ಸಹಜ. ಆದರೆ ಉತ್ತರಿಸಿದವರು ಯಾರೆಂದು ವ್ಯಾಪಾರಿಯ ಕಣ್ಣಿನಿಂದ ನೋಡಬೇಕು. ತಾವಾಗಿ ಮುಂದೆ ಬಂದು, ಹಣ ತೆತ್ತು, ವರ್ಷಗಟ್ಟಲೆ ದುಡಿದು ಪ್ರಮಾಣಪತ್ರ ಪಡೆದ ಇಲಾಖೆಗಳ ಮುಖ್ಯಸ್ಥರು ಅವರು. ಲಕ್ಷ ರೂಪಾಯಿ ಕೊಟ್ಟು ಕೊಂಡ ಯಂತ್ರ ಹೇಗಿದೆಯೆಂದು ಮರುವರ್ಷ ಕೇಳಿದರೆ, ಕೊಳ್ಳುವ ನಿರ್ಧಾರ ಮಾಡಿದ ವ್ಯಕ್ತಿಯೇ ಅದು ದಂಡವೆಂದು ಹೇಳುವುದು ವಿರಳ. ಅವರು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಸಿಬ್ಬಂದಿ ಒಟ್ಟಿಗೆ ಕುಳಿತು ತಮ್ಮ ಕೆಲಸವನ್ನು ತಾವೇ ಓದಿಕೊಂಡದ್ದರಿಂದ ಕಚೇರಿಯೊಳಗೆ ಶಿಸ್ತು ಬಂದಿರುವುದನ್ನು ನಂಬಬಹುದು. ಆದರೆ ಊರಿನಲ್ಲಿ ಕಾಮಾಲೆ ಕಡಿಮೆಯಾಯಿತೇ, ತಪಾಸಣೆಯ ವರದಿ ಬೇಗ ಬಂತೇ ಎಂಬ ಪ್ರಶ್ನೆಗೆ ಇದು ಉತ್ತರವಾಗುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಯೋಜನೆ ಸ್ವಇಚ್ಛೆಯದಾದ್ದರಿಂದ ಮೊದಲು ಬಂದವರು ಮೊದಲೇ ಸಮರ್ಥರಾಗಿದ್ದವರು: ಹಣ, ಸಿಬ್ಬಂದಿ, ಅನುಭವ ಉಳ್ಳ ದೊಡ್ಡ ಇಲಾಖೆಗಳು. ಅಮೆರಿಕದಲ್ಲಿ ಸ್ಥಳೀಯ ಇಲಾಖೆಗಳು ಎರಡು ಸಾವಿರಕ್ಕೂ ಮೇಲ್ಪಟ್ಟಿವೆ. ಬಹುಪಾಲು ರಾಜ್ಯ ಇಲಾಖೆಗಳು ಮಾನ್ಯತೆ ಪಡೆದರೂ, ಸ್ಥಳೀಯ ಇಲಾಖೆಗಳಲ್ಲಿ ಪಡೆದವು ಕೆಲವು ನೂರು ಮಾತ್ರ. ಅರ್ಜಿ ಹಾಕದ ಸಣ್ಣ ಇಲಾಖೆಗಳು ಕೊಟ್ಟ ಕಾರಣಗಳಲ್ಲಿ ಮುಖ್ಯವಾದವು, ಪಡುವ ಶ್ರಮಕ್ಕೆ ತಕ್ಕ ಲಾಭವಿಲ್ಲ ಎಂಬುದು ಮತ್ತು ಶುಲ್ಕ ದುಬಾರಿ ಎಂಬುದು. 2022ರಲ್ಲಿ ಮಂಡಳಿಯು ಪೂರ್ಣ ಮಾನ್ಯತೆಗೆ ಸಿದ್ಧವಿಲ್ಲದವರಿಗಾಗಿ ಕಡಿಮೆ ಹೊರೆಯ ಮತ್ತೊಂದು ಮನ್ನಣೆಯನ್ನು ತಂದದ್ದು ಈ ಕೊರತೆಯನ್ನು ಒಪ್ಪಿಕೊಂಡಂತೆಯೇ. ಹೀಗಿರುವಾಗ ಮಾನ್ಯತೆ ಪಡೆದ ಇಲಾಖೆ ಪಡೆಯದ ಇಲಾಖೆಗಿಂತ ಚೆನ್ನಾಗಿದೆಯೆಂದು ತೋರಿಸಿದರೂ, ಅದು ಮಾನ್ಯತೆಯ ಫಲವೋ ಅಥವಾ ಅದರ ಮೊದಲಿನ ಸಿರಿವಂತಿಕೆಯ ಫಲವೋ ಎಂಬುದು ತಿಳಿಯದು. ನಾರ್ತ್ ಕ್ಯಾರೊಲಿನಾದಂತೆ ಎಲ್ಲರನ್ನೂ ಸರದಿಯ ಮೇಲೆ ಕರೆದಲ್ಲಿ ಈ ಸಂಶಯ ಬಹಳ ಮಟ್ಟಿಗೆ ತಗ್ಗುತ್ತದೆ. ಮೊದಲ ಸರದಿಯವರನ್ನು ಇನ್ನೂ ಸರದಿ ಬಾರದವರೊಡನೆ ಹೋಲಿಸಿ ನೋಡಬಹುದು.

ಇಂಥ ಹೋಲಿಕೆ ಅಸಾಧ್ಯವಾದದ್ದೇನಲ್ಲ. ಐಎಸ್‌ಒ 9001ರ ಬಗ್ಗೆಯೇ ಅಂಥ ಅಧ್ಯಯನ ನಡೆದಿದೆ. ಡೇವಿಡ್ ಲೆವಿನ್ ಮತ್ತು ಮೈಕೆಲ್ ಟಾಫೆಲ್ ಎಂಬ ವಿದ್ವಾಂಸರು ಕ್ಯಾಲಿಫೋರ್ನಿಯಾದ ಸುಮಾರು ಸಾವಿರ ಕಂಪನಿಗಳನ್ನು ಪರಿಶೀಲಿಸಿ, ಪ್ರಮಾಣಪತ್ರ ಪಡೆದವರನ್ನು ಅವರಂತೆಯೇ ಇದ್ದು ಪಡೆಯದವರೊಡನೆ ಜೋಡಿಸಿ ನೋಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಪಡೆದ ಕಂಪನಿಗಳು ಹೆಚ್ಚು ಕಾಲ ಬಾಳಿದವು, ಅವುಗಳ ಮಾರಾಟ ಮತ್ತು ಉದ್ಯೋಗ ಹೆಚ್ಚು ಬೆಳೆದವು ಎಂದು ಕಂಡುಬಂತು. ಪ್ರಮಾಣಪತ್ರವೆಂದರೆ ಬರಿಯ ಗೋಡೆಯ ಅಲಂಕಾರವೆಂದು ಗೇಲಿ ಮಾಡುವವರಿಗೆ ಇದು ಉತ್ತರ. ನಮ್ಮ ದೇಶದಲ್ಲಿಯೂ ಸಣ್ಣ ಕೈಗಾರಿಕೆಗಳು ಐಎಸ್‌ಒ ಪಡೆದರೆ ವೆಚ್ಚದ ಶೇ. 75ರಷ್ಟನ್ನು, 75 ಸಾವಿರ ರೂಪಾಯಿ ಮಿತಿಯೊಳಗೆ, ಕೇಂದ್ರ ಸರ್ಕಾರ ಹಿಂತಿರುಗಿಸುತ್ತಿದ್ದ ಕಾಲವೊಂದಿತ್ತು. ಪ್ರಮಾಣಪತ್ರ ಕೈಗೆ ಬಂದ ಮೇಲೆ ತಿರಸ್ಕೃತ ಮಾಲಿನ ಪ್ರಮಾಣ ಎಷ್ಟು ಇಳಿಯಿತು ಎಂಬುದು ಆ ಮರುಪಾವತಿಗೆ ಷರತ್ತಾಗಿರಲಿಲ್ಲ.

ಆಸ್ಪತ್ರೆಗಳ ವಿಷಯದಲ್ಲಿ ಅಂಥದೇ ಹೋಲಿಕೆ ಬೇರೆ ಉತ್ತರವನ್ನು ಕೊಟ್ಟಿತು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವು ಅಮೆರಿಕದ 4,400 ಆಸ್ಪತ್ರೆಗಳನ್ನು ನೋಡಿತು. ಖಾಸಗಿ ಮಾನ್ಯತಾ ಸಂಸ್ಥೆಗಳಿಂದ ಪ್ರಮಾಣೀಕೃತವಾದವು 3,337. ಕೇವಲ ರಾಜ್ಯ ಸರ್ಕಾರದ ತಪಾಸಣೆಗೆ ಒಳಪಟ್ಟವು 1,063. ರೋಗಿಗಳ ಮರಣ ಪ್ರಮಾಣದಲ್ಲಿ ಇವೆರಡರ ನಡುವೆ ಗಣನೀಯ ಅಂತರ ಕಾಣಲಿಲ್ಲ. ಮತ್ತೆ ಆಸ್ಪತ್ರೆ ಸೇರುವವರ ಪ್ರಮಾಣದಲ್ಲಿ ಮಾತ್ರ ತುಸು ಇಳಿಕೆಯಿತ್ತು. ಆಸ್ಪತ್ರೆ ಮಾನ್ಯತೆಗೆ ಆ ದೇಶದಲ್ಲಿ 1951ರಿಂದ ಇತಿಹಾಸವಿದೆ. ಅಷ್ಟು ಹಳೆಯ ಯೋಜನೆಯ ಫಲವೇ ಇಷ್ಟು ಮಂಕಾಗಿ ಕಂಡಿರುವಾಗ, ಹೊಸ ಯೋಜನೆಯನ್ನು ನಂಬಿಕೆಯ ಮೇಲೆ ಒಪ್ಪುವುದು ಸಾಧುವಲ್ಲ.

ಕಾಗದದ ಸಾಮರ್ಥ್ಯವೂ ಕಷ್ಟಕಾಲದ ಸಾಮರ್ಥ್ಯವೂ ಎಷ್ಟು ದೂರ ಸರಿಯಬಹುದೆಂಬುದಕ್ಕೆ ಕೊರೊನಾ ಕಾಲವೇ ಸಾಕ್ಷಿ. 2019ರ ಅಕ್ಟೋಬರಿನಲ್ಲಿ, ಅಂದರೆ ಪಿಡುಗಿಗೆ ಕೆಲವೇ ವಾರಗಳ ಮೊದಲು, ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕವು 195 ದೇಶಗಳ ಸಿದ್ಧತೆಗೆ ಅಂಕ ನೀಡಿತು. ನೂರಕ್ಕೆ 83.5 ಅಂಕ ಗಳಿಸಿ ಮೊದಲ ಸ್ಥಾನದಲ್ಲಿದ್ದುದು ಅಮೆರಿಕ. ಮುಂದಿನ ಮೂರು ವರ್ಷಗಳಲ್ಲಿ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಆ ರೋಗಕ್ಕೆ ಬಲಿಯಾದರು. ಯೋಜನೆಗಳು ಕಪಾಟಿನಲ್ಲಿದ್ದವು, ಅವುಗಳನ್ನು ನಡೆಸುವ ಅಧಿಕಾರ, ಹಣ, ಜನರ ವಿಶ್ವಾಸ ಇರಲಿಲ್ಲ. ಮಾನ್ಯತೆಯ ಪರಿಶೀಲಕರು ಕಪಾಟನ್ನು ತೆರೆದು ನೋಡಬಲ್ಲರು. ಉಳಿದದ್ದನ್ನು ಅಳೆಯಲು ಅವರ ಬಳಿ ಗೋಲಿಲ್ಲ.

ಪ್ರಮಾಣಪತ್ರವಿಲ್ಲದೆ ಬದಲಾದ ಸೂರತ್

ಇದಕ್ಕೆ ವಿರುದ್ಧವಾದ ಉದಾಹರಣೆಗೆ ಹೊರದೇಶಕ್ಕೆ ಹೋಗಬೇಕಾಗಿಲ್ಲ. 1994ರ ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪ್ಲೇಗು ಕಾಣಿಸಿಕೊಂಡಿತು. ವಜ್ರ ಮತ್ತು ಜವಳಿಯ ಆ ನಗರದಿಂದ ಲಕ್ಷಾಂತರ ಜನ ಗುಳೆ ಹೊರಟರು, ಮಗ್ಗಗಳು ನಿಂತವು, ಹಲವು ದೇಶಗಳು ಭಾರತದಿಂದ ಬರುವ ವಿಮಾನಗಳನ್ನೂ ಸರಕನ್ನೂ ತಡೆದವು. ಸೂರತ್‌ನ ಚರಂಡಿಯ ಕೊಳೆಗೆ ಇಡೀ ದೇಶದ ರಫ್ತುದಾರರು ಬೆಲೆ ತೆತ್ತರು. ಮರುವರ್ಷ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರು ಕೈಗೊಂಡ ಕ್ರಮಗಳು ಸರಳವಾಗಿದ್ದವು. ನಗರವನ್ನು ಆರು ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದು ವಲಯದ ಅಧಿಕಾರಿಗೆ ಹಣಕಾಸಿನ ಹಾಗೂ ಆಡಳಿತದ ಅಧಿಕಾರವನ್ನು ಹಂಚಿದರು. ಹಿರಿಯ ಅಧಿಕಾರಿಗಳು ಪ್ರತಿದಿನ ಬೆಳಗ್ಗೆ ಬೀದಿಗಿಳಿಯಬೇಕು, ಕಂಡದ್ದನ್ನು ಅಂದೇ ವರದಿ ಮಾಡಬೇಕು ಎಂಬ ನಿಯಮ ಬಂತು. ಒಂದೆರಡು ವರ್ಷಗಳಲ್ಲಿ ಆ ನಗರ ದೇಶದ ಅತ್ಯಂತ ಸ್ವಚ್ಛ ನಗರಗಳ ಸಾಲಿಗೆ ಸೇರಿತು.

ಅಲ್ಲಿ ಯಾವ ಮಾನ್ಯತಾ ಮಂಡಳಿಯೂ ಇರಲಿಲ್ಲ. ಸಮರ್ಥ ಅಧಿಕಾರಿಯೊಬ್ಬರು ಸಿಕ್ಕರೆ ಸಾಕು, ಪದ್ಧತಿಯೇ ಬೇಡವೆಂದು ಇದರಿಂದ ತೀರ್ಮಾನಿಸುವುದೂ ತಪ್ಪು. ಅಧಿಕಾರಿಗಳಿಗೆ ವರ್ಗಾವಣೆಯಾಗುತ್ತದೆ, ಪದ್ಧತಿ ಉಳಿಯುತ್ತದೆ. ಮಾನ್ಯತೆಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತೂ ಇದೇ. ಒಬ್ಬ ವ್ಯಕ್ತಿಯ ದಕ್ಷತೆಯನ್ನು ಕಚೇರಿಯ ಅಭ್ಯಾಸವಾಗಿ ಬರೆದಿಡುವ ಸಾಧನ ಅದು. ಆದರೆ ಬರೆದಿಡಬೇಕಾದದ್ದು ಬೆಳಗ್ಗೆ ಬೀದಿಗಿಳಿಯುವ ಅಭ್ಯಾಸವೇ ಹೊರತು, ಬೀದಿಗಿಳಿಯುವ ಬಗ್ಗೆ ನಡೆದ ಸಭೆಯ ನಡವಳಿಯಲ್ಲ.

ನಮ್ಮಲ್ಲಿ ಆಗಬೇಕಾದದ್ದು

ಭಾರತದಲ್ಲಿ 2013ರಿಂದ ಸರ್ಕಾರಿ ಆಸ್ಪತ್ರೆಗಳಿಗಾಗಿ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು ಜಾರಿಯಲ್ಲಿವೆ. ಜಿಲ್ಲಾಸ್ಪತ್ರೆಗಳಿಂದ ಆರಂಭಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ಅವನ್ನು ವಿಸ್ತರಿಸಲಾಯಿತು. ಎಂಟು ವಿಭಾಗಗಳಲ್ಲಿ ಪರಿಶೀಲನೆ ನಡೆದು, ಒಟ್ಟಾರೆ ಶೇ. 70 ಅಂಕ ಮುಟ್ಟುವುದು ಪ್ರಮಾಣೀಕರಣದ ಮುಖ್ಯ ಷರತ್ತು. ಪ್ರಮಾಣೀಕೃತ ಜಿಲ್ಲಾಸ್ಪತ್ರೆಗೆ ಹಾಸಿಗೆಯೊಂದಕ್ಕೆ ವರ್ಷಕ್ಕೆ 10,000 ರೂಪಾಯಿಯಂತೆ ಪ್ರೋತ್ಸಾಹಧನವನ್ನೂ ಗೊತ್ತುಪಡಿಸಲಾಯಿತು. ಸ್ವಚ್ಛತೆಗಾಗಿ 2015ರಲ್ಲಿ ಬಂದ ಕಾಯಕಲ್ಪ ಯೋಜನೆಯಲ್ಲಿ ಜಿಲ್ಲಾಸ್ಪತ್ರೆಗಳಿಗೆ 50 ಲಕ್ಷ ರೂಪಾಯಿಯ ಪ್ರಥಮ ಬಹುಮಾನವನ್ನು ಇಡಲಾಯಿತು. ಸರ್ಕಾರಿ ಆಸ್ಪತ್ರೆಯ ಶೌಚಾಲಯವನ್ನು ಹತ್ತು ವರ್ಷಗಳ ಹಿಂದೆ ಕಂಡವರು ಮತ್ತು ಇಂದು ಕಾಣುವವರು ಇದರ ಪ್ರಯೋಜನವನ್ನು ಸಂಪೂರ್ಣವಾಗಿ ಅಲ್ಲಗಳೆಯಲಾರರು.

ಇವೆಲ್ಲವೂ ಆಸ್ಪತ್ರೆಯ ಕಾಂಪೌಂಡಿನ ಒಳಗಿನ ಮಾತು. ಕಾಂಪೌಂಡಿನ ಹೊರಗೆ ಕೆಲಸ ಮಾಡುವ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿ, ಪಾಲಿಕೆಯ ಆರೋಗ್ಯ ಶಾಖೆ, ಆಹಾರ ಸುರಕ್ಷತಾ ವಿಭಾಗ ಇವುಗಳಿಗೆ ಒಂದು ಇಲಾಖೆಯಾಗಿ ಅಂಥ ಪರೀಕ್ಷೆಯಿಲ್ಲ. 2019ರಿಂದ ಪ್ರಕಟವಾಗುತ್ತ ಬಂದ ರಾಜ್ಯಗಳ ಆಹಾರ ಸುರಕ್ಷತಾ ಸೂಚ್ಯಂಕವು ಸಿಬ್ಬಂದಿ, ಕಾನೂನು ಪಾಲನೆ, ಪರೀಕ್ಷಾ ಸೌಲಭ್ಯ, ತರಬೇತಿ, ಗ್ರಾಹಕ ಜಾಗೃತಿ ಮುಂತಾದವುಗಳಿಗೆ ಅಂಕ ಕೊಡುತ್ತದೆ. ಅದು ರಾಜ್ಯ ರಾಜ್ಯಗಳನ್ನು ಹೋಲಿಸುವ ಪಟ್ಟಿ. ಹುಬ್ಬಳ್ಳಿಯ ಉದ್ಯಮಿಗೆ ತನ್ನ ಊರಿನ ಕಚೇರಿ ಹೇಗಿದೆಯೆಂದು ಅದರಿಂದ ತಿಳಿಯುವುದಿಲ್ಲ. ಇಂದಲ್ಲ ನಾಳೆ ಇಲಾಖೆಗಳ ಮಾನ್ಯತೆ ಇಲ್ಲಿಗೂ ಬರುವುದು ನಿರೀಕ್ಷಿತವೇ. ಬರುವುದಾದರೆ ಅದರೊಡನೆಯೇ ಅದನ್ನು ಅಳೆಯುವ ಏರ್ಪಾಡೂ ಬರಬೇಕೆಂಬುದು ವಾಣಿಜ್ಯ ವಲಯದ ಒತ್ತಾಯವಾಗಬೇಕು.

ಲೆಕ್ಕಪುಸ್ತಕ ಬರೆಯುವವರಿಗೆ ಆರಂಭಿಕ ಶಿಲ್ಕಿನ ಮಹತ್ವವನ್ನು ಹೇಳಬೇಕಾಗಿಲ್ಲ. ಅಮೆರಿಕದ ಯೋಜನೆಯ ದೊಡ್ಡ ಕೊರತೆ ಅದೇ. ಇಲಾಖೆಗಳು ಒಳಬರುವ ಮೊದಲು ಅವುಗಳ ಕೆಲಸದ ಫಲ ಎಷ್ಟಿತ್ತು ಎಂಬುದನ್ನು ಎಲ್ಲೆಡೆ ಒಂದೇ ರೀತಿಯಲ್ಲಿ ಬರೆದಿಟ್ಟಿರಲಿಲ್ಲ. ಆದುದರಿಂದ ಬಳಿಕ ಅಭಿಪ್ರಾಯ ಕೇಳುವುದೇ ಮುಖ್ಯ ದಾರಿಯಾಯಿತು. ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. 2011ರ ಸೇವಾ ಖಾತರಿ ಅಧಿನಿಯಮದಡಿ 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ವ್ಯವಸ್ಥೆಯಲ್ಲಿ ಅರ್ಜಿ ಕೊಟ್ಟ ದಿನವೂ ವಿಲೇವಾರಿಯಾದ ದಿನವೂ ದಾಖಲಾಗುತ್ತವೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೆಂದು ಕಾನೂನು ಹೇಳಿದೆ. ಆ ಪರಿಹಾರ ಕೇಳಿ ಪಡೆದ ವರ್ತಕರನ್ನು ಹುಡುಕುವುದು ಕಷ್ಟವಿರಬಹುದು. ಆದರೆ ದಿನಾಂಕಗಳು ಅಲ್ಲಿವೆ. ಒಂದು ಕಚೇರಿ ಮಾನ್ಯತೆ ಪಡೆಯುವುದಕ್ಕೆ ಎರಡು ವರ್ಷ ಮೊದಲು ಹಾಗೂ ಎರಡು ವರ್ಷ ನಂತರ ಪರವಾನಗಿಗೆ ಎಷ್ಟು ದಿನ ಹಿಡಿಯಿತು ಎಂಬುದನ್ನು ಯಾರ ಅಭಿಪ್ರಾಯವನ್ನೂ ಕೇಳದೆ ಲೆಕ್ಕ ಹಾಕಬಹುದು.

ಪರವಾನಗಿಯ ವೇಗವೊಂದೇ ಅಳತೆಯಾದರೆ ಅದು ವರ್ತಕರ ಸ್ವಾರ್ಥವೆನಿಸೀತು. ಆ ಆಕ್ಷೇಪಣೆ ನ್ಯಾಯವಾದದ್ದೇ. ತಪಾಸಣೆಯನ್ನೇ ಕೈಬಿಟ್ಟು ಬೇಗ ಸಹಿ ಹಾಕುವ ಕಚೇರಿಯೂ ವೇಗದ ಕಚೇರಿಯೇ. ಆದುದರಿಂದ ಅದರ ಪಕ್ಕದಲ್ಲಿ ಕುಡಿಯುವ ನೀರಿನ ಮಾದರಿಗಳಲ್ಲಿ ಅಯೋಗ್ಯವೆಂದು ಕಂಡವೆಷ್ಟು, ವಾಂತಿಭೇದಿ ಕಾಣಿಸಿಕೊಂಡ ದಿನಕ್ಕೂ ತಂಡ ಸ್ಥಳ ತಲುಪಿದ ದಿನಕ್ಕೂ ಎಷ್ಟು ಅಂತರ, ಆಹಾರ ಮಾದರಿಯ ವರದಿ 14 ದಿನಗಳೊಳಗೆ ಬಂದದ್ದು ಎಷ್ಟು ಪ್ರಕರಣಗಳಲ್ಲಿ, ಮೇಲಿನ ಪ್ರಯೋಗಾಲಯದಲ್ಲಿ ತಲೆಕೆಳಗಾದ ವರದಿಗಳೆಷ್ಟು ಎಂಬುದನ್ನೂ ಇಡಬೇಕು. ಕೊನೆಯದು ಮ್ಯಾಗಿ ಪ್ರಕರಣದಿಂದ ಕಲಿಯಬೇಕಾದ ಅಂಕಿ. ಇವಾವುವೂ ಹೊಸ ಸಮೀಕ್ಷೆಯನ್ನು ಬೇಡುವುದಿಲ್ಲ. ಕಚೇರಿಯ ರಿಜಿಸ್ಟರುಗಳಲ್ಲಿ ದೊರೆಯಬೇಕಾದ ಸಂಗತಿಗಳೇ.

ಸಣ್ಣ ಊರುಗಳ ಕಚೇರಿಗಳು ಹಿಂದುಳಿಯುವ ಅಪಾಯವನ್ನೂ ಈಗಲೇ ಎಣಿಸಬೇಕು. ಬೆಂಗಳೂರು, ಮಂಗಳೂರುಗಳ ಕಚೇರಿಗಳು ದಾಖಲೆ ಜೋಡಿಸಲು ಸಲಹೆಗಾರರನ್ನು ತರಬಲ್ಲವು. ಹುದ್ದೆಗಳೇ ಖಾಲಿ ಬಿದ್ದಿರುವ ಹಿಂದುಳಿದ ಜಿಲ್ಲೆಯ ಕಚೇರಿಗೆ ಅದು ಆಗದ ಮಾತು. ಪ್ರಮಾಣಪತ್ರಕ್ಕೆ ಪ್ರೋತ್ಸಾಹಧನ ಗಂಟುಹಾಕಿದರೆ ಇದ್ದವರಿಗೇ ಮತ್ತೆ ಸೇರುತ್ತದೆ. ತಲುಪಿದ ಮಟ್ಟಕ್ಕಿಂತ ಏರಿದ ಎತ್ತರಕ್ಕೆ ಹಣ ಕೊಡುವುದು ಹೆಚ್ಚು ನ್ಯಾಯ. ಶೇ. 40ರಿಂದ 60ಕ್ಕೆ ಬಂದ ಕಚೇರಿ ಶೇ. 75ರಲ್ಲೇ ನಿಂತ ಕಚೇರಿಗಿಂತ ಹೆಚ್ಚು ದುಡಿದಿದೆ. ಪರಿಶೀಲಕರ ತಂಡದಲ್ಲಿ ಇಲಾಖೆಯವರ ಜೊತೆಗೆ, ಆ ಇಲಾಖೆಯೊಡನೆ ವ್ಯವಹರಿಸುವ ನಾಗರಿಕರೂ ವರ್ತಕರೂ ಇರಬೇಕೆಂಬ ಸಲಹೆ ಆಗಾಗ್ಗೆ ಕೇಳಿಬರುತ್ತದೆ. ವರ್ತಕರ ಮಟ್ಟಿಗೆ ಇದು ಅಷ್ಟು ಒಳ್ಳೆಯದಲ್ಲ. ತಪಾಸಣೆಗೆ ಒಳಪಡುವವರು ತಪಾಸಕರಿಗೆ ಅಂಕ ಕೊಡುವ ಕುರ್ಚಿಯಲ್ಲಿ ಕೂತರೆ ಎರಡೂ ಕಡೆಗೆ ಸಂಕೋಚ. ಅಂಕಿಅಂಶಗಳು ಕಚೇರಿವಾರು ಬಹಿರಂಗವಾಗಿ ದೊರೆತರೆ ಸಾಕು. ಅವನ್ನು ಓದಿ ಪ್ರಶ್ನೆ ಕೇಳಲು ಯಾವ ಸಮಿತಿಯ ಸದಸ್ಯತ್ವವೂ ಬೇಕಾಗುವುದಿಲ್ಲ.

ಅಮೆರಿಕದ ವಾಣಿಜ್ಯ ಮಂಡಳಿಗಳು 1929ರಲ್ಲಿ ತಮ್ಮ ಊರಿನ ಅಂಕಪಟ್ಟಿಯನ್ನು ತಾವೇ ಕೇಳಿ ತರಿಸಿಕೊಂಡವು. ಇಲ್ಲಿನ ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಮಾನ್ಯತೆಯ ಯೋಜನೆ ಬರುವವರೆಗೆ ಕಾಯಬೇಕಾಗಿಲ್ಲ. ತಮ್ಮ ಸದಸ್ಯರ ಪರವಾನಗಿ ಅರ್ಜಿಗಳು, ಆಹಾರ ಮಾದರಿಗಳು, ವರದಿ ಬಂದ ದಿನಾಂಕಗಳು ಇವಿಷ್ಟನ್ನು ಈ ಆರ್ಥಿಕ ವರ್ಷದಿಂದಲೇ ಒಂದು ಪುಸ್ತಕದಲ್ಲಿ ಬರೆದಿಡತೊಡಗಿದರೆ, ಪರಿಶೀಲಕರು ಬರುವ ಹೊತ್ತಿಗೆ ಹೋಲಿಸಿ ನೋಡಲು ಮೂರ್ನಾಲ್ಕು ವರ್ಷಗಳ ಲೆಕ್ಕ ಕೈಯಲ್ಲಿರುತ್ತದೆ.